ವ್ಯಾನಿನಲ್ಲೇ ವಾಸ: ಬೆಂಗಳೂರಿನಲ್ಲಿ ಗಾಡಿ ಆರಿಸುವ ಲೆಕ್ಕ

ವ್ಯಾನಿನಲ್ಲೇ ವಾಸ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಫೋರ್ಸ್ ಕಂಪನಿಯ ಎರಡು ವ್ಯಾನುಗಳ ಬಗ್ಗೆ: 'ಟ್ರಾವೆಲರ್ ತಗೊಳ್ಳೋದಾ, ಅರ್ಬೇನಿಯಾನಾ?' ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಶನಿವಾರ ಸಕಲೇಶಪುರಕ್ಕೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ ಬರುವ ಗಾಡಿಯಾದರೆ ಯಾವುದಾದರೂ ನಡೆದೀತು. ಎರಡು ರಾತ್ರಿ ಹೇಗೋ ಸುಧಾರಿಸಿಕೊಳ್ಳಬಹುದು. ಅದರಲ್ಲೇ ಮಲಗಿ, ಅದರಲ್ಲೇ ಒಗ್ಗರಣೆ ಹಾಕಿ, ಅದರಲ್ಲೇ ಕೂತು ಆಫೀಸಿನ ಮೀಟಿಂಗಿಗೆ ಲಾಗಿನ್ ಆಗುವುದಾದರೆ ಲೆಕ್ಕ ಬೇರೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಆರ್‌ಸಿಯಲ್ಲಿ ಅದನ್ನು ಏನೆಂದು ಬರೆದಿದ್ದಾರೆ, ಎಷ್ಟು ತೂಕ ಹೊರುತ್ತದೆ – ಈ ಮೂರಕ್ಕೆ ಉತ್ತರ ಸಿಕ್ಕರೆ ಮಾಡೆಲ್ ಬಹುಮಟ್ಟಿಗೆ ತಾನಾಗೇ ನಿಶ್ಚಯವಾಗುತ್ತದೆ. ಒಳಗಿನ ಲೇಔಟು, ಲ್ಯಾಮಿನೇಟಿನ ಬಣ್ಣ, ಎಲ್‌ಇಡಿ ಸಾಲು ಎಲ್ಲ ಆಮೇಲಿನ ಮಾತು.

ನಿಲ್ಲುವ ಜಾಗ

ಬೆಂಗಳೂರಿನಲ್ಲಿ ಇದಕ್ಕೆ ಎರಡೇ ದಾರಿ. ಊರೊಳಗೇ ಬೀದಿಯಿಂದ ಬೀದಿಗೆ ಜಾಗ ಬದಲಿಸುತ್ತಾ ಇರುವುದು ಒಂದು. ಹೊರವಲಯದಲ್ಲಿ ಯಾರದಾದರೂ ಖಾಲಿ ಸೈಟನ್ನೋ ತೋಟದ ಮೂಲೆಯನ್ನೋ ತಿಂಗಳ ಬಾಡಿಗೆಗೆ ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ 7 ಮೀಟರ್ ಉದ್ದದ ಗಾಡಿ ತಂದರೆ ವಾರದಲ್ಲೇ ಸಾಕಪ್ಪಾ ಸಾಕು ಅನಿಸುತ್ತದೆ. ಮಲ್ಲೇಶ್ವರ, ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಗೇಟಿಗೊಂದು 'ನೋ ಪಾರ್ಕಿಂಗ್' ಬೋರ್ಡು. ಎರಡು ಗೇಟಿನ ನಡುವೆ ಉಳಿಯುವುದು ಒಂದು ಕಾರಿನ ಜಾಗ. ಬೀದಿ ವಾಸಕ್ಕೆ ಐದೂವರೆ ಮೀಟರ್ ಮೀರದ ಗಾಡಿಯೇ ಸರಿ.

ಉದ್ದಕ್ಕಿಂತ ಹೆಚ್ಚು ಕಾಡುವುದು ಎತ್ತರ. ಎತ್ತರದ ಛಾವಣಿಯ ವ್ಯಾನು ಸುಮಾರು ಎರಡೂವರೆ ಮೀಟರ್ ಇರುತ್ತದೆ. ಅದರ ಮೇಲೆ ಸೋಲಾರ್ ಪ್ಯಾನಲ್ಲು, ಛಾವಣಿ ಫ್ಯಾನು ಕೂತರೆ ಇನ್ನೂ 15–20 ಸೆಂ.ಮೀ. ಸೇರುತ್ತದೆ. ಅಪಾರ್ಟ್‌ಮೆಂಟು, ಮಾಲ್‌ಗಳ ಬೇಸ್‌ಮೆಂಟಿಗೆ ಅದು ಹೋಗುವ ಮಾತೇ ಇಲ್ಲ. ಮ್ಯಾಜಿಕ್ ಬಾಕ್ಸ್ ಅಂಡರ್‌ಪಾಸ್‌ಗಳ ಮುಂದೆ ಎತ್ತರದ ಬೋರ್ಡು ಓದಿಯೇ ಮುಂದೆ ಹೋಗಬೇಕು. ನಮ್ಮ ಊರಿಗೇ ವಿಶೇಷವಾದ ಇನ್ನೊಂದು ಕಾಟವಿದೆ: ಮರದಿಂದ ಮರಕ್ಕೆ ಜೋತುಬಿದ್ದ ಇಂಟರ್‌ನೆಟ್ ಕೇಬಲ್ಲು. ಅದು ಪ್ಯಾನಲ್ಲಿನ ಅಂಚಿಗೋ ಫ್ಯಾನಿನ ಮುಚ್ಚಳಕ್ಕೋ ಸಿಕ್ಕಿಕೊಂಡರೆ ಮುರಿಯುವುದು ಕೇಬಲ್ಲಲ್ಲ, ಮುಚ್ಚಳ. ಫ್ಯಾನಿನ ಮುಂದೆ, ಅದರ ತುದಿಗಿಂತ ಸ್ವಲ್ಪ ಎತ್ತರ ಬರುವಂತೆ, ಹಿಂದಕ್ಕೆ ಓರೆಯಾಗಿ ಒಂದು ಅಲ್ಯೂಮಿನಿಯಂ ಪಟ್ಟಿ ಕೂರಿಸಿದರೆ ಕೇಬಲ್ಲು ಜಾರಿ ಮೇಲೆ ಹೋಗುತ್ತದೆ. ಎಲ್ಲ ಕೂರಿಸಿದ ಮೇಲೆ ಒಟ್ಟು ಎತ್ತರ ಅಳೆದು ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ಕಂಪನಿಯ ಪುಸ್ತಕದಲ್ಲಿರುವ ಎತ್ತರ ಇನ್ನು ನಿಮ್ಮ ಗಾಡಿಯದಲ್ಲ.

ಹೊರವಲಯ ಅಂದರೆ ಕನಕಪುರ ರಸ್ತೆ, ಹೆಸರಘಟ್ಟ, ನೆಲಮಂಗಲ, ದೇವನಹಳ್ಳಿ ಕಡೆ. ಅಲ್ಲಿ ಬಾಡಿಗೆ ಮಾತಾಡುವ ಮೊದಲು ಅರ್ತಿಂಗ್ ಸರಿಯಿರುವ 16 ಆಂಪ್ ಪ್ಲಗ್ಗು, ಬೋರ್‌ವೆಲ್ ನಲ್ಲಿ, ಟಾಯ್ಲೆಟ್ ಖಾಲಿ ಮಾಡಲು ಗುಂಡಿ – ಇಷ್ಟು ಇದೆಯೇ ನೋಡಿ. ನೆಲ ಕೆಮ್ಮಣ್ಣಾಗಿದ್ದರೆ ಮಳೆಗಾಲದಲ್ಲಿ ಹಿಂದಿನ ಚಕ್ರ ಹೂತುಕೊಳ್ಳುವುದು ಖಂಡಿತ. ಚಕ್ರ ಕೂರುವ ಎರಡು ಪಟ್ಟಿಗೆ, ಒಂದೊಂದಕ್ಕೂ 7 ಮೀಟರ್ ಉದ್ದ, 60 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪ 20 ಎಂಎಂ ಜಲ್ಲಿ ಹಾಕಿಸಿದರೆ ಸಾಕು. ಲೆಕ್ಕಕ್ಕೆ ಸುಮಾರು 30 ಸಿಎಫ್‌ಟಿ (ಘನ ಅಡಿ) ಬರುತ್ತದೆ. ಇಡೀ ಸೈಟಿಗೆ ಜಲ್ಲಿ ಸುರಿಸುವ ಅಗತ್ಯವಿಲ್ಲ.

ತಿಂಗಳಾನುಗಟ್ಟಲೆ ಅಲ್ಲಾಡದೆ ನಿಲ್ಲುವುದೇ ನಿಮ್ಮ ಯೋಜನೆಯಾದರೆ ಹೊಸ ಬಿಎಸ್6 ಡೀಸೆಲ್ ಗಾಡಿಗೆ ದುಡ್ಡು ಸುರಿಯುವುದು ದಂಡ. ಅದರ ಸೈಲೆನ್ಸರ್ ಸಾಲಿನಲ್ಲಿರುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಕೂಡುತ್ತಾ ಹೋಗುತ್ತದೆ. ಅದು ಸುಟ್ಟು ಹೋಗಬೇಕಾದರೆ ಗಾಡಿ ಹೈವೇಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆಯಾದರೂ ಓಡಬೇಕು. ವಾರಕ್ಕೊಮ್ಮೆ ತರಕಾರಿಗೆ ಅಂತ ಎರಡು ಕಿಲೋಮೀಟರ್ ಹೋಗಿಬರುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡು, ವಾರ್ನಿಂಗ್ ಲೈಟು ಬಂದು, ಕೊನೆಗೆ ಎಂಜಿನ್ನಿನ ಶಕ್ತಿಯೇ ಇಳಿಯುತ್ತದೆ. ಅಂಥದ್ದನ್ನೇ ಕೊಳ್ಳುವುದಾದರೆ, ತಿಂಗಳಿಗೆರಡು ಸಲ ತುಮಕೂರು ರಸ್ತೆಗೋ ಮೈಸೂರು ರಸ್ತೆಗೋ ಇಳಿದು ಒಂದು ಸುತ್ತು ಓಡಿಸಿ ಬರುವುದನ್ನು ಗಾಡಿಯ ಖರ್ಚಿನಲ್ಲೇ ಸೇರಿಸಿಕೊಳ್ಳಿ.

ಆರ್‌ಸಿ

ಇದನ್ನು ಕಡೆಗಣಿಸಿದವರೇ ಹೆಚ್ಚು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆಯಾಗದಂತೆ ಗಾಡಿಯನ್ನು ಮಾಲೀಕ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಬದಲಾವಣೆಗೆ 182ಎ ಸೆಕ್ಷನ್ ಪ್ರಕಾರ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡವನ್ನಾದರೂ ಕಟ್ಟಿ ಕೈತೊಳೆದುಕೊಳ್ಳಬಹುದು. ಇನ್ಶೂರೆನ್ಸ್ ವಿಷಯ ಹಾಗಲ್ಲ. 13 ಸೀಟಿನ ಬಸ್ಸು ಅಂತ ಪಾಲಿಸಿ ಇರುವ ಗಾಡಿಯೊಳಗೆ ಗ್ಯಾಸ್ ಸ್ಟವ್, ಮಂಚ, ಲಿಥಿಯಂ ಬ್ಯಾಟರಿ ಸಿಕ್ಕರೆ ಸರ್ವೇಯರ್ ಮೊದಲು ಬರೆಯುವುದೇ ಅದನ್ನು. ಬೆಂಕಿಯ ಕ್ಲೇಮು ಅಲ್ಲಿಗೆ ಮುಗಿಯಿತು.

ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನಿಗೆ ನೋಂದಣಿಯಲ್ಲಿ ಪ್ರತ್ಯೇಕ ವರ್ಗವೇ ಇದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಸುರಕ್ಷತಾ ಮಾನದಂಡವೂ ಇದೆ. ಕೆಲಸ ಮಾಡಿಸುವ ಫ್ಯಾಬ್ರಿಕೇಟರನ್ನು ಆರಿಸುವಾಗ 'ಈ ಮಾದರಿಗೆ ಅನುಮೋದನೆ ಪತ್ರ ಇದೆಯಾ? ಹಿಂದೆ ಮಾಡಿಕೊಟ್ಟ ಗಾಡಿಯ ಆರ್‌ಸಿಯಲ್ಲಿ ಬಾಡಿ ಟೈಪ್ ಏನೆಂದಿದೆ? ಒಂದು ಪ್ರತಿ ತೋರಿಸಿ' ಅಂತ ಕೇಳಿ. 'ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಸಾರ್' ಅಂದರೆ ಎದ್ದು ಬನ್ನಿ. ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಸೇರುತ್ತದೋ ಅಲ್ಲಿ, ಗಾಡಿ ಕೊಳ್ಳುವ ಮುಂಚೆಯೇ, ತೆರಿಗೆ ಯಾವ ವರ್ಗದಲ್ಲಿ ಬೀಳುತ್ತದೆ ಎಂದು ವಿಚಾರಿಸಿ. ಕಾರಿನ ಲೈಫ್ ಟ್ಯಾಕ್ಸ್ ಲೆಕ್ಕ ಇಟ್ಟುಕೊಂಡು ಹೋದರೆ ಬಜೆಟ್ ತಪ್ಪುತ್ತದೆ.

ಸೆಕೆಂಡ್ ಹ್ಯಾಂಡ್ ವ್ಯಾನುಗಳಲ್ಲಿ ಬಹುಪಾಲು ಯೆಲ್ಲೋ ಬೋರ್ಡೇ. ಪರ್ಮಿಟ್ ಸರೆಂಡರ್, ಸಾಲವಿದ್ದರೆ ಫೈನಾನ್ಸ್ ಕಂಪನಿಯ ಎನ್‌ಒಸಿ, ಬಾಕಿ ತೆರಿಗೆ ಎಲ್ಲ ಮುಗಿದು ವೈಟ್ ಬೋರ್ಡ್ ಆದ ಮೇಲಷ್ಟೇ ಪೂರ್ತಿ ಹಣ ಕೊಡಿ. ಲೈಸೆನ್ಸ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ: ಎಲ್‌ಎಂವಿ ಲೈಸೆನ್ಸಿನಲ್ಲಿ 7,500 ಕೆಜಿವರೆಗಿನ ಗಾಡಿ ಓಡಿಸಬಹುದು, ಇಲ್ಲಿ ಹೇಳುವ ವ್ಯಾನುಗಳೆಲ್ಲ ಅದರೊಳಗೇ. ನಿಮಗೆ ಮನೆ ಇಲ್ಲದಿದ್ದರೂ ಆರ್‌ಸಿಗೆ, ಆಧಾರ್‌ಗೆ, ಇನ್ಶೂರೆನ್ಸಿಗೆ ಒಂದು ವಿಳಾಸ ಬೇಕೇ ಬೇಕು. ಅಪ್ಪ ಅಮ್ಮನ ಮನೆಯದೋ ಅಣ್ಣನ ಮನೆಯದೋ, ಮೊದಲೇ ಮಾತಾಡಿಕೊಳ್ಳಿ.

ತೂಕ

ಆರ್‌ಸಿಯಲ್ಲಿ ಗ್ರಾಸ್ ವೇಟ್ (ತುಂಬಿದ ಗಾಡಿಯ ಗರಿಷ್ಠ ತೂಕ), ಅನ್‌ಲೇಡನ್ ವೇಟ್ (ಖಾಲಿ ಗಾಡಿಯ ತೂಕ) ಎರಡೂ ಇರುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದೇ ನಿಮ್ಮ ಇಡೀ ಸಂಸಾರದ ತೂಕದ ಮಿತಿ. ಇಬ್ಬರ ವಾಸಕ್ಕೆ ಒಂದು ಅಂದಾಜು ಹಾಕೋಣ. 100 ಲೀಟರ್ ನೀರು 100 ಕೆಜಿ. 12 ಎಂಎಂ ಪ್ಲೈವುಡ್, 8 ಅಡಿ x 4 ಅಡಿಯ ಆರು ಹಾಳೆ, ಹಾಳೆಗೆ 23 ಕೆಜಿಯಂತೆ ಸುಮಾರು 140. ನೆಲ, ಇನ್ಸುಲೇಷನ್, ಸೀಲಿಂಗ್ 80. ಪ್ಯಾನಲ್ಲು ಫ್ರೇಮಿನ ಸಮೇತ 40, ಬ್ಯಾಟರಿ 25, ಇನ್ವರ್ಟರು ವೈರು ಪಂಪು 40, ಹಾಸಿಗೆ 35, ಫ್ರಿಡ್ಜ್ 20, ಗ್ಯಾಸ್ 12. ಬಟ್ಟೆ, ಪಾತ್ರೆ, ಅಕ್ಕಿ ಬೇಳೆ, ಪುಸ್ತಕ 180 ಅಂದರೂ ಕಡಿಮೆಯೇ. ಇಬ್ಬರು ಮನುಷ್ಯರು 140. ಕೂಡಿದರೆ 810 ಕೆಜಿ ದಾಟುತ್ತದೆ.

ಇಲ್ಲಿ ಬಡಗಿಯ ಅಭ್ಯಾಸವೇ ದೊಡ್ಡ ಅಡ್ಡಿ. ಮನೆಯ ವಾರ್ಡ್‌ರೋಬ್ ಮಾಡಿ ಕೈಪಳಗಿದವರು 18 ಎಂಎಂ ಪ್ಲೈವುಡ್ಡಿಲ್ಲದೆ ಕೆಲಸ ಶುರು ಮಾಡುವುದಿಲ್ಲ. ಅದು ಹಾಳೆಗೆ 35 ಕೆಜಿ. ಆರು ಹಾಳೆಗೆ 70 ಕೆಜಿ ಸುಮ್ಮನೆ ಹೆಚ್ಚು. ಮಂಚದ ಚೌಕಟ್ಟಿಗೆ ಅಲ್ಯೂಮಿನಿಯಂ ಸೆಕ್ಷನ್, ಕಪಾಟಿನ ಮೈಗೆ 12 ಎಂಎಂ, ಬೆನ್ನಿಗೆ 6 ಎಂಎಂ ಸಾಕು. ಪ್ಲೈ ಐಎಸ್ 710 (ನೀರು ತಾಳುವ ಮರೈನ್ ಪ್ಲೈ) ಮುದ್ರೆಯದ್ದಿರಲಿ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬೋರ್ಡ್ ನೀರಿಗೆ ಹೆದರುವುದಿಲ್ಲ ನಿಜ, ಆದರೆ ಗಾಡಿಯ ಕುಲುಕಾಟಕ್ಕೆ ಕೀಲಿನ ಸ್ಕ್ರೂ ಸಡಿಲವಾಗಿ ಬಾಗಿಲು ಜೋಲುತ್ತದೆ. ಅದನ್ನೇ ಹಾಕುವುದಾದರೆ ಸ್ಕ್ರೂ ಬೇಡ, ತೂತು ಆಚೆಗೂ ತೆಗೆದು ಬೋಲ್ಟ್ ನಟ್ ಹಾಕಿಸಿ.

ನೀರಿನ ಟ್ಯಾಂಕ್, ಬ್ಯಾಟರಿ ಎರಡನ್ನೂ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆಯೇ ಇಡಿ. ಹಿಂಬಾಗಿಲ ಹತ್ತಿರ 100 ಲೀಟರ್ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ತೇಲುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ ಪೀಣ್ಯದ ಕಡೆ ಯಾವುದಾದರೂ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಒಟ್ಟು ತೂಕ ಒಮ್ಮೆ, ಮುಂದಿನ ಚಕ್ರ ಮಾತ್ರ ಹತ್ತಿಸಿ ಇನ್ನೊಮ್ಮೆ. ಹಾಗೇ ಎಡ ಬಲದ ಚಕ್ರದ ಕಮಾನಿನಿಂದ ನೆಲಕ್ಕೆ ಟೇಪ್ ಹಿಡಿದು ನೋಡಿ. 20 ಎಂಎಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಡುಗೆಮನೆ, ಫ್ರಿಡ್ಜ್, ನೀರು ಎಲ್ಲ ಒಂದೇ ಕಡೆಗೆ ಸೇರಿಕೊಂಡಿವೆ ಅಂತ.

ಈಗ ಗಾಡಿ

ಮಾರುತಿ ಈಕೋದ ಉದ್ದ 3,675 ಎಂಎಂ. ಒಬ್ಬರು ಮಲಗಬಹುದು, ನಿಲ್ಲಲಾಗದು. ಮಳೆಗಾಲದಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳಲಾಗದ ಜಾಗದಲ್ಲಿ ಪೂರ್ಣಕಾಲ ಇರುವುದು ನಮ್ಮ ಪ್ರಕಾರ ಆಗದ ಮಾತು. ಪಿಕಪ್ಪಿನ ಮೇಲೆ ಪೆಟ್ಟಿಗೆ ಕಟ್ಟುವುದು ಕಾಡುದಾರಿಗೆ ಚೆನ್ನ, ಆದರೆ ಡ್ರೈವರ್ ಸೀಟಿನಿಂದ ಮನೆಯೊಳಗೆ ಬರಲು ಕೆಳಗಿಳಿದೇ ಬರಬೇಕು. ರಾತ್ರಿ ಯಾರಾದರೂ ಬಂದು ಬಾಗಿಲು ಬಡಿದರೆ ಹಾಗೇ ಹೊರಟುಬಿಡಲು ಆಗುವುದಿಲ್ಲ. ಒಂಟಿ ಹೆಣ್ಣುಮಕ್ಕಳಿಗೆ ಈ ಒಂದೇ ಕಾರಣಕ್ಕೆ ವ್ಯಾನು ವಾಸಿ. ಟ್ರೇಲರ್ ಎಳೆದುಕೊಂಡು ನಮ್ಮ ರಸ್ತೆಗಳಲ್ಲಿ ರಿವರ್ಸ್ ತೆಗೆಯುವವರಿಗೆ ದೊಡ್ಡ ನಮಸ್ಕಾರ; ಸೈಟಿನಲ್ಲೇ ನಿಲ್ಲಿಸುವುದಾದರೆ ಸರಿ.

ಉಳಿಯುವುದು ಮೂರು. ಟಾಟಾ ವಿಂಗರ್ ಮುಂದಿನ ಚಕ್ರದಿಂದ ಎಳೆಯುವ ಗಾಡಿ. ಹಿಂಭಾಗದಲ್ಲಿ ಭಾರ ಹೇರಿ ಒದ್ದೆ ಏರಿನಲ್ಲಿ, ಕೆಸರಿನ ಸೈಟಿನಲ್ಲಿ ನಿಲ್ಲಿಸಿದರೆ ಮುಂದಿನ ಚಕ್ರ ಸುತ್ತುತ್ತಲೇ ಇರುತ್ತದೆ. ಡಾಂಬರು ರಸ್ತೆಯಲ್ಲೇ ಇರುವ ಒಬ್ಬರಿಗೆ ಒಳ್ಳೆಯ ಆಯ್ಕೆ. ಫೋರ್ಸ್ ಟ್ರಾವೆಲರ್ 3,050, 3,350, 3,700, 4,020 ಎಂಎಂ ವೀಲ್‌ಬೇಸ್‌ಗಳಲ್ಲಿ (ಗಾಡಿಯ ಉದ್ದವಲ್ಲ, ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) ಬರುತ್ತದೆ. ಹಿಂದಿನ ಚಕ್ರದ ಎಳೆತ, ಎಲ್ಲ ಊರಲ್ಲೂ ರಿಪೇರಿ ಗೊತ್ತಿರುವ ಮೆಕ್ಯಾನಿಕ್, ಜೆ.ಸಿ. ರಸ್ತೆಯಲ್ಲಿ ಬೇಕಾದ ಸ್ಪೇರ್; ಸದ್ದು, ಕುಲುಕಾಟ ಹೆಚ್ಚು. ಅರ್ಬೇನಿಯಾ 3,350, 3,615, 4,400 ಎಂಎಂನಲ್ಲಿದೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಓಡಿಸಲು ಕಾರಿನ ಹಾಗೆ. ಆದರೆ ಆ ಹೆಚ್ಚುವರಿ ದುಡ್ಡಿಗೆ ಸಿಗುವ ಸುಖ ಓಡಿಸುವಾಗಿನದು, ವಾಸದ್ದಲ್ಲ. ಇಬ್ಬರಿಗೆ, ಬೆಂಗಳೂರನ್ನೇ ನೆಲೆ ಮಾಡಿಕೊಂಡವರಿಗೆ, ಟ್ರಾವೆಲರ್ 3,350 ನಮ್ಮ ಮೊದಲ ಸಲಹೆ. ಬೀದಿ ವಾಸವೇ ಖಾಯಂ ಅನ್ನುವವರಿಗೆ 3,050.

ಶೋರೂಮಿಗೆ ಟೇಪ್ ಒಯ್ಯಿರಿ. ನೆಲದ ಪ್ಲೈ ಮತ್ತು ಫೋಮ್ 25 ಎಂಎಂ, ಛಾವಣಿಯ ಇನ್ಸುಲೇಷನ್ 25, ಸೀಲಿಂಗ್ 8 – ಒಟ್ಟು 6 ಸೆಂ.ಮೀ. ಎತ್ತರ ಹೋಗುತ್ತದೆ. 5 ಅಡಿ 10 ಇಂಚಿನವರಿಗೆ, ಅಂದರೆ 178 ಸೆಂ.ಮೀ.ಗೆ, ಬರೀ ಲೋಹದಿಂದ ಲೋಹಕ್ಕೆ 186 ಸೆಂ.ಮೀ. ಇರಬೇಕು. ಮಂಚ ಅಡ್ಡಲಾಗಿ ಹಾಕುವ ಆಸೆಯಿದ್ದರೆ ಅಗಲವನ್ನು ನೆಲದ ಮಟ್ಟದಲ್ಲಲ್ಲ, ಹಾಸಿಗೆ ಬರುವ ಎತ್ತರದಲ್ಲಿ ಅಳೆಯಿರಿ. ಗೋಡೆ ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ, ಇನ್ಸುಲೇಷನ್ ಎರಡೂ ಕಡೆ ಇನ್ನಷ್ಟು ತಿನ್ನುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಇಲ್ಲಿ ಪ್ರತಿ ರಾತ್ರಿ ನೆನಪಾಗುತ್ತದೆ.

ಕರೆಂಟು

ದಿನದ ಖರ್ಚಿನಿಂದ ಶುರು ಮಾಡಿ. 12 ವೋಲ್ಟ್ ಕಂಪ್ರೆಸರ್ ಫ್ರಿಡ್ಜ್ 500 ವ್ಯಾಟ್-ಅವರ್, ಒಂದು ಲ್ಯಾಪ್‌ಟಾಪ್ ಏಳು ಗಂಟೆಗೆ 420, ರೂಟರ್ ದಿನವಿಡೀ 240, ಫ್ಯಾನು 180, ದೀಪ ಪಂಪು ಮೊಬೈಲು ಸೇರಿ 130. ಒಟ್ಟು 1,470. 12.8 ವೋಲ್ಟ್, 200 ಆಂಪ್-ಅವರ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ 2,560 ಇರುತ್ತದೆ, ಬಳಸಲು 2,300. ಅಂದರೆ ಮೋಡದ ದಿನಕ್ಕೆ ಒಂದೂವರೆ ದಿನದ ಆಸರೆ.

ಪ್ಯಾನಲ್ಲಿಗೆ ಕ್ಯಾಂಪಿಂಗ್ ಹೆಸರಿನ ದುಬಾರಿ ಮಾಲು ಬೇಡ. ಮನೆ ಛಾವಣಿಗೆ ಹಾಕುವ 540 ವ್ಯಾಟಿನ ಒಂದೇ ಹಾಳೆ, 2.28 x 1.13 ಮೀಟರ್, 28 ಕೆಜಿ ಆಸುಪಾಸು, ಟ್ರಾವೆಲರ್ ನೆತ್ತಿಯ ಮೇಲೆ ಕೂರುತ್ತದೆ. ಅದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡ್ ಇಲ್ಲದಾಗಿನದು) 50ರ ಹತ್ತಿರ ಇರುವುದರಿಂದ ಎಂಪಿಪಿಟಿ (ಸೋಲಾರ್ ಚಾರ್ಜ್ ಕಂಟ್ರೋಲರ್) 100 ವೋಲ್ಟಿನದ್ದೇ ಬೇಕು. ಮಲಗಿಸಿದ ಪ್ಯಾನಲ್ಲು ಫೆಬ್ರವರಿ–ಏಪ್ರಿಲ್‌ನಲ್ಲಿ ದಿನಕ್ಕೆ 1,800ರ ಮೇಲೆ ಕೊಡುತ್ತದೆ; ಜುಲೈ–ಆಗಸ್ಟ್ ಮೋಡಕ್ಕೆ ಅರ್ಧ ಬಂದರೆ ಪುಣ್ಯ. ಕೊರತೆ ತುಂಬಲು, ಎಂಜಿನ್ ಓಡುವಾಗ ಕರೆಂಟು ಮಾಡುವ ಆಲ್ಟರ್ನೇಟರಿನಿಂದ 30 ಆಂಪ್ ಡಿಸಿ-ಡಿಸಿ ಚಾರ್ಜರ್ ಹಾಕಿ. ಲಿಥಿಯಂ ಬ್ಯಾಟರಿಯನ್ನು ನೇರ ಕಟ್ಟಿದರೆ ಅದು ಸಿಕ್ಕಷ್ಟೂ ಎಳೆಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎಂಜಿನ್ ಐಡಲ್‌ನಲ್ಲಿರುವಾಗ ಆಲ್ಟರ್ನೇಟರಿನ ಫ್ಯಾನೂ ನಿಧಾನ ತಿರುಗುವುದರಿಂದ ಕಾಯಿಲ್ ಸುಟ್ಟುಹೋಗುತ್ತದೆ.

ಹೆಚ್ಚು ಗಾಡಿಗಳಲ್ಲಿ ಕೈಕೊಡುವುದು ಇನ್ವರ್ಟರಿನ ವೈರು. 2,000 ವ್ಯಾಟ್ ಎಳೆದರೆ 12 ವೋಲ್ಟಿನ ಕಡೆ ಸುಮಾರು 170 ಆಂಪ್ ಹರಿಯುತ್ತದೆ. ಅದಕ್ಕೆ 70 ಚದರ ಎಂಎಂ ತಾಮ್ರದ ಕೇಬಲ್, ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 200–250 ಆಂಪ್ ಫ್ಯೂಸ್. ಎಸ್‌.ಪಿ. ರಸ್ತೆಯಲ್ಲಿ ವೆಲ್ಡಿಂಗ್ ಕೇಬಲ್ ಕೊಳ್ಳುವಾಗ ಒಂದು ಎಳೆ ಕಿತ್ತು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಬೇಡವೇ ಬೇಡ. ಕೇಬಲ್ ತುದಿಗೆ ಹಾಕುವ ಲಗ್ಗನ್ನು ಸುತ್ತಿಗೆಯಲ್ಲಿ ಬಡಿಸಬೇಡಿ, ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಆಮೇಲೆ ದೊಡ್ಡ ಲೋಡ್ ಹತ್ತು ನಿಮಿಷ ಓಡಿಸಿ, ಆರಿಸಿ, ಒಂದೊಂದೇ ಲಗ್ ಮುಟ್ಟಿ ನೋಡಿ. ಉಳಿದವು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅದರ ಒತ್ತು ಸರಿಯಿಲ್ಲ.

ಎಸಿ ಬೇಡ. ಒಂದು ಟನ್ನಿನ ಇನ್ವರ್ಟರ್ ಎಸಿ ಆ ಬ್ಯಾಟರಿಯನ್ನು ಮೂರು ಗಂಟೆಯಲ್ಲಿ ಮುಗಿಸುತ್ತದೆ, ಬೆಂಗಳೂರು 900 ಮೀಟರ್ ಎತ್ತರದ ಊರು. ಛಾವಣಿಯಲ್ಲಿ 14 ಇಂಚಿನ ಫ್ಯಾನು, ಕೆಳಗೆ ಒಂದು ಕಿಟಕಿ ತೆರೆದಿದ್ದರೆ ಏಪ್ರಿಲ್ ಕೂಡ ಕಳೆಯಬಹುದು. ಅಡುಗೆಗೂ ಇಂಡಕ್ಷನ್‌ಗಿಂತ 5 ಕೆಜಿ ಸಿಲಿಂಡರ್ ಸಲೀಸು. ಸಿಲಿಂಡರ್ ಗೂಡಿಗೆ ಬಾಗಿಲು ಹೊರಗಿನಿಂದ, ಒಳಗಡೆಗೆ ಸೀಲ್, ತಳದಲ್ಲಿ ಗಾಳಿ ತೂತು. ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ಕೂರುತ್ತದೆ. ಅಲಾರಂ ಕೂಡ ನೆಲದಿಂದ ಒಂದಡಿಯೊಳಗೇ ಇರಲಿ.

ನೀರು, ಟಾಯ್ಲೆಟ್, ಸೋರಿಕೆ

ತಲೆಗೆ ದಿನಕ್ಕೆ 12 ಲೀಟರಿನಂತೆ 100 ಲೀಟರ್ ಇಬ್ಬರಿಗೆ ನಾಲ್ಕು ದಿನ. ಕುಡಿಯುವುದು ಬೇರೆ 20 ಲೀಟರ್ ಕ್ಯಾನಿನಲ್ಲಿ. ಶುದ್ಧ ನೀರಿನ ಘಟಕ ಹಲವು ಬಡಾವಣೆಗಳಲ್ಲಿ ಇದೆ. ಬೋರ್‌ವೆಲ್ ನೀರಿನ ಉಪ್ಪು ಪಂಪಿನ ವಾಲ್ವಿಗೆ ಕಟ್ಟಿಕೊಳ್ಳುತ್ತದೆ, ಪಂಪಿನ ಮುಂದೆ ಜಾಲರಿ ಫಿಲ್ಟರ್ ಇರಲಿ. ಮಲಗುವ ಮುಂಚೆ ಪಂಪಿನ ಸ್ವಿಚ್ ಆರಿಸಿ, ಒಂದು ಜಾಯಿಂಟ್ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಟ್ಯಾಂಕು ನೆಲದ ಮೇಲಿರುತ್ತದೆ.

ಕ್ಯಾಸೆಟ್ ಟಾಯ್ಲೆಟ್ ಇಬ್ಬರಿಗೆ ಎರಡು ಮೂರು ದಿನಕ್ಕೆ ತುಂಬುತ್ತದೆ, ಅದನ್ನು ಹೊತ್ತುಕೊಂಡು ಸಾರ್ವಜನಿಕ ಶೌಚಾಲಯ ಹುಡುಕಬೇಕು. ನಮ್ಮ ಮತ ಮೂತ್ರ ಬೇರ್ಪಡಿಸುವ ಒಣ ಟಾಯ್ಲೆಟ್ಟಿಗೆ. ಮೂತ್ರಕ್ಕೆ 10 ಲೀಟರ್ ಕ್ಯಾನು, ಮಲದ ಕಡೆಗೆ ತೆಂಗಿನ ನಾರಿನ ಪುಡಿ. ನರ್ಸರಿಗಳಲ್ಲಿ ಇಟ್ಟಿಗೆ ರೂಪದಲ್ಲಿ ಸಿಗುತ್ತದೆ. ವಾಸನೆ ಹೆಚ್ಚಾಗಿ ಬರುವುದು ಎರಡೂ ಬೆರೆತಾಗ.

ಛಾವಣಿಗೆ ತೂತು ಕೊರೆದ ಮೇಲೆ ಕತ್ತರಿಸಿದ ಅಂಚಿನ ಲೋಹದ ಪುಡಿಯನ್ನೆಲ್ಲ ಒರೆಸಿ, ಅಂಚಿಗೆ ಜಿಂಕ್ ಪ್ರೈಮರ್ ಎರಡು ಕೈ ಹಚ್ಚಿ, ಫ್ಯಾನಿನ ಚೌಕಟ್ಟಿನಡಿ ಬ್ಯೂಟೈಲ್ ಟೇಪ್ ಇಟ್ಟು, ಸ್ಕ್ರೂ ಬಿಗಿದು, ಸುತ್ತ ಪಾಲಿಯುರೆಥೇನ್ ಸೀಲೆಂಟ್ ಎಳೆಯಬೇಕು. ಬಾತ್‌ರೂಮಿನ ಸಿಲಿಕೋನ್ ಹಾಕಿದರೆ ಬಿಸಿಲಿಗೆ ಲೋಹ ಹಿಗ್ಗಿ ಕುಗ್ಗಿ ಅಂಚು ಬಿಡುತ್ತದೆ. ಮೇಲೆ ಇನ್ನೇನು ಬಳಿದರೂ ಅಂಟುವುದಿಲ್ಲ. ಇನ್ಸುಲೇಷನ್‌ಗೆ ಗ್ಲಾಸ್‌ವೂಲ್ ಬೇಡ, ಉಸಿರಿನ ತೇವ ಹೀರಿ ತಗಡನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಮುಚ್ಚಿದ ರಂಧ್ರದ ನೈಟ್ರೈಲ್ ರಬ್ಬರ್ ಹಾಳೆ, 19 ಎಂಎಂ, ತಗಡಿಗೆ ಒತ್ತಿ ಅಂಟಿಸಿ.

ಹಳೆಯ ಗಾಡಿ ಕೊಳ್ಳುವುದಾದರೆ ಜಾರುಬಾಗಿಲಿನ ಹಳಿ, ಛಾವಣಿಯ ಗಟಾರ, ಹಿಂದಿನ ಚಕ್ರದ ಕಮಾನು ಈ ಮೂರು ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಹೊಸ ಬಣ್ಣದ ಕೆಳಗೆ ಪುಟ್ಟಿ ಇದ್ದರೆ ತುದಿ ಇಳಿಯುತ್ತದೆ. ಟೈರಿನ ಬದಿಯ ನಾಲ್ಕಂಕಿ ಓದಿ: 2321 ಅಂದರೆ 2021ರ 23ನೇ ವಾರದ್ದು. ಟೈರಿನ ಗುಂಡಿ (ಟ್ರೆಡ್) ಚೆನ್ನಾಗಿದ್ದರೂ ಆರು ವರ್ಷ ದಾಟಿದ್ದನ್ನು ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ಅಡ್ವಾನ್ಸ್ ಕೊಡುವ ಮುಂಚೆ ಗಾಡಿಯನ್ನು ಸರ್ವಿಸ್ ಸ್ಟೇಷನ್ನಿಗೆ ಒಯ್ದು ಛಾವಣಿಯ ಮೇಲೆ ಹದಿನೈದು ನಿಮಿಷ ಪೈಪಿನಿಂದ ನೀರು ಬಿಡಿಸಿ, ಆಮೇಲೆ ಒಳಗಿನ ಮ್ಯಾಟ್ ಎತ್ತಿ ಮೂಲೆಮೂಲೆಗೆ ಕೈಯಾಡಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಬೇರೆ ಗಾಡಿ ನೋಡಿ.